ಬೈಲಿಗೆ ಗೆರೆ ಇದೆ, ಗುಡ್ಡೆಗೆ?

ನೆಲದ ವಿಚಾರ ಏನಿದ್ದರೂ ಕೇಳಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಅರ್ಧದಷ್ಟು ನೆರೆಮನೆಯವರ ಮೇಲಿನ ದೂರುಗಳು, ಅವನ್ನು ಬದಿಗಿಟ್ಟಿದ್ದೇನೆ. ಸರ್ವೆ ಇಲಾಖೆಯಲ್ಲಿ ಸರಪಣಿ ಎಳೆದು ನಿವೃತ್ತನಾದವನಿಗೆ ಬೇಲಿ ಜಗಳ ಸಾಕುಸಾಕಾಗಿದೆ. ಉಳಿದವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ನಮ್ಮ ಬೈಲಿನಲ್ಲಿ ತಂದೆಯವರ ಹೆಸರಿನ 60 ಸೆಂಟ್ಸ್ ಗದ್ದೆ ಹಡಿಲು ಬಿದ್ದು ಎಷ್ಟೋ ವರ್ಷಗಳಾದವು. ಎರಡೂ ಬದಿಯವರು ಮಣ್ಣು ತುಂಬಿಸಿ ಕಂಗು (ಅಡಿಕೆ) ನೆಟ್ಟಿದ್ದಾರೆ. ನಾನು ಮನೆ ಕಟ್ಟಲು ಹೊರಟಾಗ ಮಾತ್ರ ‘ಡೇಟಾ ಬ್ಯಾಂಕ್‌ನಲ್ಲಿದೆ, ಆಗುವುದಿಲ್ಲ’ ಎನ್ನುತ್ತಾರೆ. ಬೇಸಾಯವೇ ಇಲ್ಲದ ಜಾಗ ಗದ್ದೆ ಹೇಗಾಗುತ್ತದೆ?
– ಓದುಗರೊಬ್ಬರು, ಕುಂಬ್ಡಾಜೆ

ಆಗುತ್ತದೆ. ಕೇರಳದ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದದ್ದು 2008ರ ಆಗಸ್ಟ್ 12ರಂದು. ವರ್ಷಕ್ಕೆ ಒಂದು ಬೆಳೆಯಾದರೂ ತೆಗೆಯುವ ಗದ್ದೆ ಮಾತ್ರವಲ್ಲ, ಬೇಸಾಯಕ್ಕೆ ಯೋಗ್ಯವಾಗಿದ್ದು ಹಡಿಲು ಬಿದ್ದಿರುವುದೂ ಅದರ ಪ್ರಕಾರ ಗದ್ದೆಯೇ. ಹುಣಿ (ಗದ್ದೆಯ ಬದು), ತೋಡು, ಕೆರೆ, ಕಾಲುವೆ ಎಲ್ಲವೂ ಅದರೊಳಗೆ ಬರುತ್ತವೆ. ಹೀಗೆ ಗದ್ದೆ, ಜೌಗು ಎಂದು ಗುರುತಿಸಿದ ಜಾಗಗಳ ಪಟ್ಟಿಯೇ ಡೇಟಾ ಬ್ಯಾಂಕ್. ಹಡಿಲು ಬಿಟ್ಟರೆ ತಾನಾಗಿ ಹಿತ್ತಿಲಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ನಾನು ಕೆಲಸದಲ್ಲಿದ್ದಾಗ ಅದನ್ನು ಕಿವಿಯಲ್ಲಿ ಉಸುರುವ ದಲ್ಲಾಳಿಗಳನ್ನು ಬೇಕಾದಷ್ಟು ನೋಡಿದ್ದೇನೆ.

ನೋಡಬೇಕಾದದ್ದು ಆ ದಿನಾಂಕದಂದು ಜಾಗ ಹೇಗಿತ್ತು ಎಂಬುದನ್ನು. 2008ಕ್ಕೆ ಮೊದಲೇ ಮಣ್ಣು ತುಂಬಿ ತೆಂಗೋ ಕಂಗೋ ಬೆಳೆದಿದ್ದ ಜಾಗವನ್ನು ತಪ್ಪಾಗಿ ಡೇಟಾ ಬ್ಯಾಂಕ್‌ಗೆ ಸೇರಿಸಿದ್ದರೆ 5ನೇ ನಮೂನೆಯಲ್ಲಿ ಕಂದಾಯ ವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಅವರು ಕೃಷಿ ಅಧಿಕಾರಿಯಿಂದ ವರದಿ ತರಿಸುತ್ತಾರೆ. ಸಂಶಯ ಉಳಿದರೆ ರಾಜ್ಯದ ದೂರಸಂವೇದಿ ಕೇಂದ್ರದ ಉಪಗ್ರಹ ಚಿತ್ರ ನೋಡುತ್ತಾರೆ. ಆ ಚಿತ್ರದ ಮುಂದೆ ನಿಮ್ಮ ಮಾತೂ ನಡೆಯದು, ನನ್ನ ಮಾತೂ ನಡೆಯದು. ನಿಮ್ಮ ಜಾಗದಲ್ಲಿ ಆಗ ಮರಗಳಿರಲಿಲ್ಲ ಎಂದು ನೀವೇ ಬರೆದಿದ್ದೀರಿ. ಹಾಗಾಗಿ ಆ ದಾರಿ ಮುಚ್ಚಿದೆ.

ಇನ್ನೊಂದು ದಾರಿ ಇದೆ. ಸ್ವಂತ ವಾಸದ ಮನೆಗೆ ಪಂಚಾಯತ್ ಪ್ರದೇಶದಲ್ಲಿ 10 ಸೆಂಟ್ಸ್‌ವರೆಗೆ (ಎಕರೆಗೆ 100 ಸೆಂಟ್ಸ್), ನಗರಸಭೆಯಲ್ಲಿ 5 ಸೆಂಟ್ಸ್‌ವರೆಗೆ ಅನುಮತಿ ಕೇಳಬಹುದು. ಸ್ಥಳೀಯ ನಿಗಾ ಸಮಿತಿ ಶಿಫಾರಸು ಮಾಡಬೇಕು, ಜಿಲ್ಲಾ ಸಮಿತಿ ಒಪ್ಪಬೇಕು. ಅಕ್ಕಪಕ್ಕದ ಬೇಸಾಯಕ್ಕೆ ತೊಂದರೆಯಾಗಬಾರದು, ಸುತ್ತಲೂ ಗದ್ದೆಯೇ ಇರುವ ನಡುಭಾಗವಾಗಿರಬಾರದು, ಜಿಲ್ಲೆಯಲ್ಲಿ ಮನೆ ಕಟ್ಟಲು ತಕ್ಕ ಬೇರೆ ಜಾಗ ಕುಟುಂಬಕ್ಕೆ ಇರಬಾರದು. ನಿಮ್ಮ ಪತ್ರದ ಹಿಂಬದಿಯಲ್ಲಿ ‘ಗುಡ್ಡೆ ಬದಿಯಲ್ಲಿ 80 ಸೆಂಟ್ಸ್ ಗೇರು ಹಿತ್ತಿಲಿದೆ, ಆದರೆ ರಸ್ತೆ ದೂರ’ ಎಂಬ ಸಾಲಿದೆ. ಸ್ವಾಮೀ, ಮನೆ ಅಲ್ಲಿ ಕಟ್ಟಿ. ರಸ್ತೆಗೆ ಜಾಗ ಕೇಳಿ ನೆರೆಯವರೊಡನೆ ಮಾತಾಡುವುದು ಅರ್ಜಿ ಹಿಡಿದು ಅಲೆಯುವುದಕ್ಕಿಂತ ಸುಲಭ.

ಎರಡೂ ಬದಿಯವರು ತುಂಬಿಸಿದ್ದಾರಲ್ಲ ಎಂಬ ನಿಮ್ಮ ಸಂಕಟ ಮಾತ್ರ ನಿಜವಾದದ್ದು. ಅದು ನಡೆಯುವ ಬಗೆ ನನಗೆ ಚೆನ್ನಾಗಿ ಗೊತ್ತು. ಮೊದಲ ವರ್ಷ ಹುಣಿಯ ಮೇಲೆ ನಾಲ್ಕು ತೆಂಗಿನ ಸಸಿ ಬರುತ್ತವೆ. ಯಾರೂ ಏನೂ ಹೇಳುವುದಿಲ್ಲ. ಮರುವರ್ಷ ಸಸಿಯ ಬುಡಕ್ಕೆಂದು ಕೆಂಪು ಮಣ್ಣು ಬರುತ್ತದೆ. ಕಚೇರಿಗಳಿಗೆ ರಜೆ ಇರುವ ದಿನಗಳಲ್ಲೇ ಲಾರಿ ಓಡುತ್ತದೆ. ಆಮೇಲೆ ಉದ್ದಕ್ಕೆ ಕಣಿ ತೋಡಿ, ಆ ಮಣ್ಣನ್ನೇ ಏರಿ ಮಾಡಿ ಕಂಗು ನೆಡುತ್ತಾರೆ. ಹಳೆಯ ತೋಡು ಎರಡು ಮಾರು ಅಗಲ ಇದ್ದದ್ದು ಒಂದು ಹೆಜ್ಜೆಗೆ ಬರುತ್ತದೆ. ನಡುವೆ ಉಳಿದ ನಿಮ್ಮಂಥವರ ಗದ್ದೆಯಲ್ಲಿ ಆಟಿ ತಿಂಗಳಲ್ಲಿ ಮೊಣಕಾಲು ನೀರು, ದೀಪಾವಳಿಯ ಹೊತ್ತಿಗೆ ಬಿರುಕು. ನಾಟಿ ಮಾಡಿದರೂ ನೇಜಿ ಕೊಳೆಯುತ್ತದೆ. ಆಗ ನೀವೂ ಮಣ್ಣು ತರಿಸುತ್ತೀರಿ. ನೀರು, ಹುಣಿ, ನಾಟಿಯ ದಿನ, ಎಲ್ಲ ಕೂಡಿದ್ದರಿಂದಲೇ ಬೈಲು ಬೈಲಾಗಿತ್ತು. ಸರ್ವೆ ನಂಬ್ರ ಹಿಡಿದು ಒಂದೊಂದೇ ತುಂಡನ್ನು ಕಾಯುತ್ತೇವೆ ಎನ್ನುವ ಕಾಯ್ದೆಯ ಬಲಹೀನತೆ ಇರುವುದೇ ಇಲ್ಲಿ. 2008ರ ನಂತರ ತುಂಬಿಸಿದ ಮಣ್ಣನ್ನು ತೆಗೆಸಿ ಜಾಗವನ್ನು ಮೊದಲಿನಂತೆ ಮಾಡಿಸುವ ಅಧಿಕಾರ ಜಿಲ್ಲಾಧಿಕಾರಿಗೆ 13ನೇ ಸೆಕ್ಷನ್‌ನಲ್ಲಿದೆ. ದೂರು ಕೊಡುವುದಾದರೆ ಗ್ರಾಮಾಧಿಕಾರಿಗೂ ಕೃಷಿಭವನಕ್ಕೂ ಬರಹದಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ.

ನೀವು ಕೇರಳದವರು ಪುಣ್ಯವಂತರು. ಗದ್ದೆ ಉಳಿಸಲು ನಿಮಗೊಂದು ಕಾಯ್ದೆ ಇದೆ. ನಮ್ಮಲ್ಲಿ ಯಾರು ಬೇಕಾದರೂ ಕೊಳ್ಳಬಹುದು, ಲೇಔಟ್ ಮಾಡಬಹುದು.
– ಓದುಗರೊಬ್ಬರು, ವಿಟ್ಲ

ಪುಣ್ಯದ ಲೆಕ್ಕ ಕೇಳಿ. 1970ರ ದಶಕದ ನಡುವಿನಲ್ಲಿ ಕೇರಳದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಭತ್ತ ಇತ್ತು. ಈಗ ಸುಮಾರು 2 ಲಕ್ಷ. ಬಹುಪಾಲು ಹೋದದ್ದು ಕಾಯ್ದೆ ಬರುವ ಮೊದಲೇ. ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ ಹಾಕಿದ್ದು ನಾವು. ನಿಮ್ಮ ಕರ್ನಾಟಕದಲ್ಲಿ 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದುಹಾಕಿ ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳಲು ಬಾಗಿಲು ತೆರೆದರು. ಆದರೂ ಕೊಂಡ ಮಾತ್ರಕ್ಕೆ ಲೇಔಟ್ ಆಗುವುದಿಲ್ಲ. ಭೂಪರಿವರ್ತನೆಗೆ ಅರ್ಜಿ ಬೇರೆ, ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇರೆ. ತಡೆಯುವ ಮನಸ್ಸಿದ್ದರೆ ತಡೆಯುವ ಜಾಗ ಅದು.

ಗದ್ದೆ ಉಳಿಸಿ, ಹಸಿರು ಉಳಿಸಿ ಎಂದು ಬರೆಯುವವರೆಲ್ಲ ಸಂಬಳ, ಪಿಂಚಣಿ ಇರುವವರು. ಗದ್ದೆ ಇಟ್ಟುಕೊಂಡ ನನಗೆ ನಷ್ಟ, ತುಂಬಿಸಿದ ಅವನಿಗೆ ಲಾಭ. ನನ್ನ ಗದ್ದೆಯಿಂದ ಊರಿಗೆಲ್ಲ ಬಾವಿ ನೀರು ಸಿಗುತ್ತದಂತೆ. ಊರಿನವರು ನನಗೇನು ಕೊಡುತ್ತಾರೆ?
– ಬೇಸಾಯಗಾರರೊಬ್ಬರು, ಪೈವಳಿಕೆ

ಪಿಂಚಣಿಯ ಏಟು ನನಗೇ ಬಿತ್ತು, ಸ್ವೀಕರಿಸಿದ್ದೇನೆ. ನಿಮ್ಮ ಪ್ರಶ್ನೆಯನ್ನು ಯೋಜನೆ ಮಾಡುವವರು ಮೊದಲು ಕೇಳಬೇಕಿತ್ತು.

ಕೇರಳ ಸರಕಾರ 2020ರಿಂದ ಭತ್ತದ ಗದ್ದೆಯ ಒಡೆಯರಿಗೆ ‘ರಾಯಲ್ಟಿ’ ಎಂದು ಹೆಕ್ಟೇರಿಗೆ ವರ್ಷಕ್ಕೆ 2000 ರೂಪಾಯಿ ಕೊಡಲು ಆರಂಭಿಸಿತು, ಆಮೇಲೆ ಅದನ್ನು 3000ಕ್ಕೆ ಏರಿಸಿತು. ಕುಂಬ್ಡಾಜೆಯವರ 60 ಸೆಂಟ್ಸ್‌ಗೆ ಲೆಕ್ಕ ಹಾಕಿ ನೋಡಿದೆ: ವರ್ಷಕ್ಕೆ ಸುಮಾರು 730 ರೂಪಾಯಿ. ನೀರು ಇಂಗಿಸುವ ಕೆಲಸಕ್ಕೆ ಕೂಲಿ ಕೊಡಬೇಕು ಎಂದು ಸರಕಾರ ಒಪ್ಪಿಕೊಂಡದ್ದು ದೊಡ್ಡ ಸಂಗತಿ, ನಿಜ. ಆದರೆ 730 ರೂಪಾಯಿಗೆ ಒಬ್ಬ ಗಂಡಾಳಿನ ದಿನದ ಕೂಲಿಯೂ ಹುಟ್ಟುವುದಿಲ್ಲ.

ಬೇರೆ ಕಡೆ ಏನು ಮಾಡಿದರು ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಅಮೆರಿಕದಲ್ಲಿ ವಾಷಿಂಗ್ಟನ್ ನಗರದ ಮಗ್ಗುಲಲ್ಲೇ ಮೇರಿಲ್ಯಾಂಡ್ ರಾಜ್ಯದ ಮಾಂಟ್‌ಗೊಮರಿ ಕೌಂಟಿ ಇದೆ. 1980ರಲ್ಲಿ ಅಲ್ಲಿ ಸುಮಾರು 93,000 ಎಕರೆಯನ್ನು ಕೃಷಿಗೆಂದು ಮೀಸಲಿಟ್ಟು 25 ಎಕರೆಗೆ ಒಂದೇ ಮನೆ ಎಂದು ಕಟ್ಟು ಹಾಕಿದರು. ರೈತರು ಸುಮ್ಮನಿರುತ್ತಾರೆಯೇ? ಅವರಿಗೆ ಪ್ರತಿ 5 ಎಕರೆಗೆ ಒಂದರಂತೆ ‘ಕಟ್ಟುವ ಹಕ್ಕು’ ಕೊಟ್ಟರು. ಅದನ್ನು ತಮ್ಮ ಹೊಲದಲ್ಲಿ ಬಳಸುವ ಬದಲು ಪೇಟೆಯ ಕಡೆ ಕಟ್ಟುವ ಬಿಲ್ಡರ್‌ಗೆ ಮಾರಬಹುದು. ಬಿಲ್ಡರ್ ಆ ಹಕ್ಕಿನಿಂದ ಪೇಟೆಯ ಗೊತ್ತಾದ ಜಾಗದಲ್ಲಿ ಹೆಚ್ಚು ಮನೆ ಕಟ್ಟುತ್ತಾನೆ. ಹೊಲ ಹೊಲವಾಗಿಯೇ ಉಳಿಯಿತು, ರೈತನ ಕೈಗೆ ದುಡ್ಡೂ ಬಂತು.

ಇದನ್ನು ಹಾಗೆಯೇ ಉಪ್ಪಳಕ್ಕೋ ಕುಂಬಳೆಗೋ ತರಲು ಆಗುವುದಿಲ್ಲ. ಮಹಡಿಯ ಮೇಲೆ ಮಹಡಿಗೆ ಹೇಗೂ ಪರವಾನಗಿ ಸಿಗುವ ಕಡೆ ಹಕ್ಕನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ? ಪೇಟೆಯಲ್ಲಿ ಮಿತಿ ಬಿಗಿಯಾಗಿದ್ದರೆ ಮಾತ್ರ ಹೊಲದ ಹಕ್ಕಿಗೆ ಬೆಲೆ. ನಮಗೆ ಹತ್ತಿರದ ದಾರಿ ಇನ್ನೊಂದಿದೆ. ಡೇಟಾ ಬ್ಯಾಂಕ್‌ನಲ್ಲಿಲ್ಲದ, ಆದರೆ ಕಂದಾಯ ದಾಖಲೆಯಲ್ಲಿ ಗದ್ದೆ ಎಂದಿರುವ ಜಾಗವನ್ನು ಬದಲಾಯಿಸಿಕೊಳ್ಳಲು 2018ರ ತಿದ್ದುಪಡಿ ಅವಕಾಶ ಕೊಟ್ಟಿತು. 25 ಸೆಂಟ್ಸ್ ದಾಟಿದ ಜಾಗಗಳಿಗೆ ನ್ಯಾಯಬೆಲೆಯ ಆಧಾರದ ಮೇಲೆ ಶುಲ್ಕ ಇದೆ. ಅದೇ ತಿದ್ದುಪಡಿಯಲ್ಲಿ ಕೃಷಿ ಪ್ರೋತ್ಸಾಹಕ್ಕೆ ಒಂದು ನಿಧಿಯ ಮಾತೂ ಇದೆ. ಗದ್ದೆ ಕಳೆದುಕೊಂಡ ಪಂಚಾಯತಿನಲ್ಲಿ ವಸೂಲಾದ ಶುಲ್ಕ ಅದೇ ಪಂಚಾಯತಿನಲ್ಲಿ ಗದ್ದೆ ಉಳಿಸಿಕೊಂಡವರಿಗೆ ಬರಲಿ ಎಂದು ಗ್ರಾಮಸಭೆಯಲ್ಲಿ ಕೇಳಿ. ಕೇಳುವಾಗ ಈಗ ನನ್ನ ಮೇಲೆ ತೋರಿಸಿದ ಸಿಟ್ಟನ್ನೇ ತೋರಿಸಿ.

ನಮ್ಮ ಮನೆಯ ಸುರಂಗದಲ್ಲಿ ಅಜ್ಜನ ಕಾಲದಿಂದ ಬೇಸಗೆಯಲ್ಲೂ ನೀರಿತ್ತು. ಮೇಲಿನ ಗುಡ್ಡೆಯಲ್ಲಿ ಕೆಂಪುಕಲ್ಲಿನ ಕೋರೆ ಶುರುವಾದ ಮೇಲೆ ಮಾರ್ಚ್‌ಗೇ ನೀರು ನಿಲ್ಲುತ್ತದೆ. ಗುಡ್ಡೆ ಗದ್ದೆಯಲ್ಲ, ಹಾಗಾಗಿ ತಡೆ ಇಲ್ಲ ಎನ್ನುತ್ತಾರೆ.
– ಗೃಹಿಣಿಯೊಬ್ಬರು, ಬಾಯಾರು

ಈ ಸಲದ ಪತ್ರಗಳಲ್ಲಿ ತುಂಬ ಯೋಚನೆಗೆ ಹಚ್ಚಿದ್ದು ನಿಮ್ಮದು.

ಬಾಯಾರಿನ ಸುರಂಗಗಳ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಹೊರಗಿನ ಓದುಗರಿಗಾಗಿ ಎರಡು ಮಾತು. ಗುಡ್ಡೆಯ ಮಗ್ಗುಲಲ್ಲಿ ಮುರಕಲ್ಲನ್ನು (ಕೆಂಪುಕಲ್ಲನ್ನು) ಕೊರೆಯುತ್ತ ಒಬ್ಬಾಳು ನಡೆದು ಹೋಗುವಷ್ಟು ದಾರಿ ಮಾಡುತ್ತಾರೆ. ಒಳಗೆ ಒಸರು ಸಿಕ್ಕಿದರೆ ಅದು ತಾನಾಗಿ ಹರಿದು ಹೊರಗಿನ ಮಣ್ಣಿನ ಕೆರೆಗೆ ಬೀಳುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಒಳಗೆ ಹೋಗಿ ನಿಂತರೆ ಚಾವಣಿಯಿಂದ ಹನಿ ತೊಟ್ಟಿಕ್ಕುವುದು ಕೇಳಿಸುತ್ತದೆ, ಕಾಲ ಬುಡದಲ್ಲಿ ಬೆರಳಗಲದ ನೀರು ತಣ್ಣಗೆ ಓಡುತ್ತಿರುತ್ತದೆ. ಆ ನೀರು ಹಿಂದಿನ ಮಳೆಗಾಲದಲ್ಲಿ ಗುಡ್ಡೆಯ ನೆತ್ತಿಯ ಮೇಲೆ ಬಿದ್ದದ್ದು. ನೆತ್ತಿಯ ತಗ್ಗುಗಳಲ್ಲಿ, ಪಳ್ಳಗಳಲ್ಲಿ ನಿಂತು, ತೂತುತೂತಾದ ಮುರಕಲ್ಲಿನೊಳಗೆ ಮೆಲ್ಲಗೆ ಇಳಿದು ಬಂದದ್ದು. ಸುರಂಗಕ್ಕೆ ಬರುವುದೂ, ಅದರ ಕೆಳಗಿನ ಬಾವಿಗೆ, ತೋಡಿಗೆ, ಬೈಲಿಗೆ ಬರುವುದೂ ಅದೇ. ನೆತ್ತಿಯನ್ನು ಕಲ್ಲಿಗಾಗಿ ಕತ್ತರಿಸಿ, ಉಳಿದ ಮಣ್ಣನ್ನು ಹೆದ್ದಾರಿಯ ತಗ್ಗು ತುಂಬಲು ಕೊಂಡೊಯ್ದರೆ ನೀರು ಇಂಗುವ ದಾರಿ ತಪ್ಪುತ್ತದೆ.

ಕಾಯ್ದೆ ಬೈಲನ್ನು ನೋಡಿತು, ಬೈಲಿಗೆ ನೀರು ಎಲ್ಲಿಂದ ಬರುತ್ತದೆ ಎಂದು ನೋಡಲಿಲ್ಲ. ಕಂದಾಯ ದಾಖಲೆಯಲ್ಲಿ ಬಂಜರು ಎಂದು ಬರೆದ ಗುಡ್ಡೆಯನ್ನು ಕಂಡಾಗಲೆಲ್ಲ ಕಾರ್ಖಾನೆಗೆ, ಕಚೇರಿಗೆ, ಮೈದಾನಕ್ಕೆ, ಕಸ ಹಾಕಲು ಇದು ತಕ್ಕ ಜಾಗ ಎಂದು ಎಲ್ಲ ಪಕ್ಷದವರಿಗೂ ತೋಚುತ್ತದೆ. ‘ಬಂಜರು’ ಎಂದು ನಾನೂ ಎಷ್ಟೋ ನಕ್ಷೆಗಳಲ್ಲಿ ಬರೆದಿದ್ದೇನೆ. ದಾಖಲೆಯಲ್ಲಿ ಬೇರೆ ಕಲಂ ಇರಲಿಲ್ಲ.

ಇದಕ್ಕೆ ಪಂಚಾಯತಿನ ನಕ್ಷೆ ಸಾಲದು. ಸಂವಿಧಾನದ 243 ಝಡ್‌ಡಿ ವಿಧಿಯ ಪ್ರಕಾರ ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇದೆ. ಅದರ ಸದಸ್ಯರಲ್ಲಿ ಐದನೇ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಜನ, ಜಿಲ್ಲಾ ಪಂಚಾಯತ್ ಮತ್ತು ನಗರಸಭೆಗಳ ಚುನಾಯಿತರು ತಮ್ಮೊಳಗಿನಿಂದಲೇ ಆರಿಸಿದವರು. ಯೋಜನೆ ಮಾಡುವಾಗ ಸ್ಥಳ ಯೋಜನೆ, ನೀರು ಮತ್ತು ನೈಸರ್ಗಿಕ ಸಂಪತ್ತಿನ ಹಂಚಿಕೆ, ಪರಿಸರ ರಕ್ಷಣೆ ಇವನ್ನು ಗಮನಿಸಲೇಬೇಕು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತ್, 3 ನಗರಸಭೆ. ಒಂದು ಪಂಚಾಯತಿನ ಗುಡ್ಡೆಯ ನೀರು ಇನ್ನೊಂದರ ಬೈಲಿಗೆ ಇಳಿಯುತ್ತದೆ. ಶಿರಿಯಾ ಹೊಳೆಯೂ ಪಯಸ್ವಿನಿಯೂ ಕರ್ನಾಟಕದಲ್ಲಿ ಹುಟ್ಟಿ ಬರುತ್ತವೆ. ಹೊಳೆಯ ಜಲಾನಯನದ ನಕ್ಷೆ ಹಾಸಿ, ನೆತ್ತಿ, ಇಳಿಜಾರು, ಬೈಲು ಮೂರನ್ನೂ ಒಟ್ಟಿಗೆ ಗುರುತಿಸಿ, ಕೋರೆ ಎಲ್ಲಿ ಆಗಬಹುದು, ಎಲ್ಲಿ ಆಗಬಾರದು ಎಂದು ಬರೆಯುವ ಕೆಲಸ ಈ ಸಮಿತಿಯದು. ವರ್ಷದ ಕಾಮಗಾರಿಗಳ ಪಟ್ಟಿಗೆ ಅನುಮೋದನೆ ಕೊಡುವುದೇ ಯೋಜನೆ ಎಂದುಕೊಂಡರೆ ಈ ಕೆಲಸ ಎಂದಿಗೂ ಆಗುವುದಿಲ್ಲ.

ನೀವು ಈಗ ಮಾಡಬಹುದಾದದ್ದು: ಕೋರೆಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಇದೆಯೇ, ಎಷ್ಟು ಜಾಗಕ್ಕೆ, ಎಷ್ಟು ಆಳಕ್ಕೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಕಲ್ಲು ತೆಗೆದ ಹೊಂಡವನ್ನು ಹೇಗೆ ಮುಚ್ಚಬೇಕೆಂಬ ಶರತ್ತಿನ ಪ್ರತಿಯನ್ನೂ ಕೇಳಿ. ನೀರು ನಿಂತ ತಾರೀಕನ್ನು ಪ್ರತಿವರ್ಷ ಕ್ಯಾಲೆಂಡರಿನಲ್ಲಿ ಬರೆದಿಡಿ. ಕೆಳಗಿನ ಮನೆಯವರಿಗೂ ಹೇಳಿ ಬರೆಯಿಸಿ. ‘ಮೊದಲು ನೀರಿತ್ತು’ ಎಂಬ ಮಾತಿಗಿಂತ ಐದು ಮನೆಗಳ ಕ್ಯಾಲೆಂಡರಿಗೆ ಕಚೇರಿಯಲ್ಲಿ ತೂಕ ಹೆಚ್ಚು.

ಡೇಟಾ ಬ್ಯಾಂಕ್, ನೋಟಿಸು ಎಲ್ಲ ಮಲಯಾಳದಲ್ಲಿದೆ. ಓದಲು ಬಾರದು.
– ಓದುಗರೊಬ್ಬರು, ಮೀಂಜ

ಕನ್ನಡದಲ್ಲೇ ಅರ್ಜಿ ಬರೆಯಿರಿ, ಕನ್ನಡದಲ್ಲೇ ಉತ್ತರ ಕೇಳಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಲ್ಲಿ ಅದಕ್ಕೆ 1969ರ ಅಧಿಕೃತ ಭಾಷಾ ಕಾಯ್ದೆಯ ಆಧಾರವಿದೆ. ಸರ್ವೆ ನಂಬ್ರದ ಅಂಕಿಗಳನ್ನಂತೂ ನೀವೇ ಓದಬಹುದು. ಮೊದಲು ಅದನ್ನು ನೋಡಿ.

ಒರೆಗಾನ್‌ನಂಥ ಕಡೆ ಪ್ರತಿ ನಗರದ ಸುತ್ತ ಗೆರೆ ಎಳೆದು ಅದರಾಚೆ ಕಟ್ಟಡ ಬೇಡ ಎನ್ನುತ್ತಾರೆಂದು ಓದಿದೆ. ಕಾಸರಗೋಡಿನ ಸುತ್ತಲೂ ಹಾಗೆ ಗೆರೆ ಎಳೆಯಬಾರದೇಕೆ?
– ವಿದ್ಯಾರ್ಥಿನಿ, ಕಾಸರಗೋಡು

ಒರೆಗಾನ್ 1973ರಲ್ಲಿ ಆ ಕಾನೂನು ತಂದಿತು. ಮುಂದಿನ 20 ವರ್ಷಗಳಿಗೆ ಬೇಕಾಗುವಷ್ಟು ಜಾಗವನ್ನು ಗೆರೆಯೊಳಗೆ ಇಟ್ಟುಕೊಂಡು, ಹೊರಗಿನ ಹೊಲ, ಕಾಡುಗಳನ್ನು ಉಳಿಸಿಕೊಳ್ಳುವುದು ಅಲ್ಲಿನ ಕ್ರಮ. ಲಂಡನ್ನಿನ ಹಸಿರು ಪಟ್ಟಿಗಾಗಿ 1938ರಲ್ಲೇ ಕಾಯ್ದೆಯಾಗಿತ್ತು. ಅಲ್ಲೆಲ್ಲ ಪೇಟೆ ಮುಗಿಯುವುದು, ಹೊಲ ಶುರುವಾಗುವುದು ಕಣ್ಣಿಗೆ ಕಾಣುತ್ತದೆ.

ತಲಪಾಡಿಯಿಂದ ಚಂದ್ರಗಿರಿ ಸೇತುವೆವರೆಗೆ ಬಸ್ಸಿನಲ್ಲಿ ಬಂದು ನೋಡಿ, ಪೇಟೆ ಎಲ್ಲಿ ಮುಗಿಯಿತು ಎಂದು ಹೇಳಿ. ನಮ್ಮದು ಒಂದೊಂದು ಹಿತ್ತಿಲಿಗೆ ಒಂದೊಂದು ಮನೆ ಇರುವ ಊರು. ಒತ್ತೊತ್ತಾಗಿ ಮನೆಗಳಿರುವ ಘಟ್ಟದ ಮೇಲಿನ ಹಳ್ಳಿಯಂತೆ ಒಂದು ಗುಂಪು ಎಂಬುದೇ ಇಲ್ಲ. ಇಲ್ಲಿ ಪೇಟೆಯ ಸುತ್ತ ಗೆರೆ ಎಳೆದರೆ ಅದು ಸಾವಿರ ಹಿತ್ತಿಲುಗಳ ನಡುವೆ ಹಾಯುತ್ತದೆ, ಕೋರ್ಟಿನಲ್ಲಿ ಒಂದು ತಿಂಗಳೂ ನಿಲ್ಲುವುದಿಲ್ಲ. ಗೆರೆಯನ್ನು ತಿರುಗಿಸಿ ಎಳೆಯಬೇಕು: ಕಟ್ಟಡವನ್ನು ಸುತ್ತುವ ಬದಲು ಬೈಲನ್ನೂ ಅದರ ಮೇಲಿನ ನೆತ್ತಿಯನ್ನೂ ಸುತ್ತಬೇಕು. ನಡುವಿನ ಇಳಿಜಾರಿನಲ್ಲಿ ಮನೆಗಳಿರಲಿ. ನಮ್ಮ ಹಿರಿಯರು ಮನೆ ಕಟ್ಟಿದ್ದೂ ಅಲ್ಲೇ, ಗದ್ದೆಯಂಚಿನ ಎತ್ತರದಲ್ಲಿ. 2016ರ ಕೇರಳ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯಲ್ಲಿ ಜಿಲ್ಲಾ ಯೋಜನೆಗೂ ಸ್ಥಳೀಯ ಯೋಜನೆಗೂ ಅವಕಾಶವಿದೆ. ನಿಮ್ಮ ಕಾಲೇಜಿನ ಪ್ರಾಜೆಕ್ಟಿಗೆ ಮಧೂರಿನ ಬೈಲನ್ನೇ ಆರಿಸಿಕೊಳ್ಳಿ. ಮಧುವಾಹಿನಿ ಹೊಳೆಯ ಬದಿಯ ದೇವಸ್ಥಾನದ ಅಂಗಳಕ್ಕೆ ಮಳೆಗಾಲದಲ್ಲಿ ನೀರು ನುಗ್ಗುವುದನ್ನು ನೋಡಿದವರಿಗೆ ತಗ್ಗಿನ ಜಾಗ ಏಕೆ ಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಬೈಲಿನಲ್ಲಿ ಏಳು ಮನೆಯವರಿದ್ದೇವೆ. ಹಡಿಲು ಬಿದ್ದ ಗದ್ದೆಯಲ್ಲಿ ಮತ್ತೆ ಏಣಿಲು (ಮಳೆಗಾಲದ) ಬೇಸಾಯ ಮಾಡೋಣ ಎಂದು ಐವರು ಒಪ್ಪಿದ್ದಾರೆ. ಇಬ್ಬರು ಮುಂಬಯಿಯಲ್ಲಿದ್ದಾರೆ, ಫೋನ್ ಎತ್ತುವುದಿಲ್ಲ. ಎಲ್ಲಿಂದ ಶುರು ಮಾಡಬೇಕು?
– ಓದುಗರೊಬ್ಬರು, ಎಣ್ಮಕಜೆ

ತೋಡಿನಿಂದ. ಉಳುವ ಮೊದಲು ತೋಡಿನ ಹೂಳು ತೆಗೆಸಿ, ಹುಣಿ ಕಟ್ಟಿಸಿ. ಟಿಲ್ಲರ್ ಮತ್ತು ಕಟಾವು ಯಂತ್ರ ಇಳಿಯಲು ದಾರಿ ಎಲ್ಲಿ ಎಂದು ಈಗಲೇ ನೋಡಿಕೊಳ್ಳಿ. ಬೆಳೆದು ನಿಂತ ಪೈರಿಗೆ ಯಂತ್ರ ಇಳಿಸಲಾಗದೆ ಕೈಚೆಲ್ಲಿದವರನ್ನು ಕಂಡಿದ್ದೇನೆ. ಐವರು ಸೇರಿ ಪಾಡಶೇಖರ ಸಮಿತಿ (ಒಂದೇ ಬೈಲಿನ ಬೇಸಾಯಗಾರರ ಕೂಟ) ಮಾಡಿಕೊಂಡು ಕೃಷಿಭವನಕ್ಕೆ ಹೋಗಿ. ಬಿತ್ತನೆ ಬೀಜ, ಸಹಾಯಧನ ಸಮಿತಿಯ ಹೆಸರಿನಲ್ಲಿ ಕೇಳಿದರೆ ಬೇಗ ಬರುತ್ತದೆ.

ಮುಂಬಯಿಯವರಿಗೆ ಫೋನ್ ಬೇಡ, ರಿಜಿಸ್ಟರ್ಡ್ ಪತ್ರ ಹಾಕಿ. ಹಡಿಲು ಗದ್ದೆಯನ್ನು ಸ್ವತಃ ಬೇಸಾಯ ಮಾಡಲು, ಇಲ್ಲವೇ ಬೇರೆಯವರಿಂದ ಮಾಡಿಸಲು ಸೂಚಿಸುವ ಅಧಿಕಾರ ಸ್ಥಳೀಯ ನಿಗಾ ಸಮಿತಿಗೆ ಇದೆ. ಅವರು ಮಾಡದಿದ್ದರೆ ಪಂಚಾಯತ್ ಮೂಲಕ ಪಾಡಶೇಖರ ಸಮಿತಿಗೋ ಮಹಿಳೆಯರ ಕುಟುಂಬಶ್ರೀ ಸಂಘಕ್ಕೋ ಬೇಸಾಯಕ್ಕೆ ವಹಿಸಬಹುದು. ಒಡೆತನ ಅವರದೇ ಉಳಿಯುತ್ತದೆ ಎಂಬುದನ್ನು ಪತ್ರದ ಮೊದಲ ಸಾಲಿನಲ್ಲೇ ಬರೆಯಿರಿ. 1970ರ ಭೂಸುಧಾರಣೆಯ ಹೆದರಿಕೆ ಮುಂಬಯಿಯಲ್ಲಿ ಕೂತವರಿಗೆ ಇನ್ನೂ ಹೋಗಿಲ್ಲ.

ಹಂದಿ ಮತ್ತು ನವಿಲಿನ ಕಾಟ ನೀವು ಬರೆದಿಲ್ಲ, ಆದರೂ ಬರುತ್ತದೆ. ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೂ ಕೊಟ್ಟಿದೆ. ಪರವಾನಗಿ ಇರುವ ಕೋವಿಯವರು ಯಾರು ಎಂದು ಪಂಚಾಯತಿನಲ್ಲಿ ಕೇಳಿಡಿ. ನವಿಲನ್ನು ಮುಟ್ಟುವಂತಿಲ್ಲ, ಬಿತ್ತನೆಯ ಮೊದಲ ವಾರ ಬೆಳಗ್ಗೆ ಯಾರಾದರೂ ಗದ್ದೆಯಲ್ಲಿ ನಿಲ್ಲಬೇಕು.

ಸುಗ್ಗಿ ಬೆಳೆಯ (ಎರಡನೇ ಬೆಳೆಯ) ಆಸೆ ಇದ್ದರೆ ಮಳೆ ಹೋದ ಕೂಡಲೇ ತೋಡಿಗೆ ಕಟ್ಟ (ತಾತ್ಕಾಲಿಕ ಒಡ್ಡು) ಹಾಕಬೇಕು. ನಿಮ್ಮ ಹತ್ತಿರದ ಏತಡ್ಕದವರು ಅದರಲ್ಲಿ ಪಳಗಿದವರು. ನವೆಂಬರಿನಲ್ಲಿ ಒಮ್ಮೆ ಅಲ್ಲಿಗೆ ಹೋಗಿ, ಕಲ್ಲು ಮತ್ತು ಮಣ್ಣನ್ನು ಯಾವ ಹದದಲ್ಲಿ ಹಾಕುತ್ತಾರೆ, ಖರ್ಚನ್ನು ಹೇಗೆ ಹಂಚಿಕೊಳ್ಳುತ್ತಾರೆ ಎಂದು ಕೇಳಿ ಬನ್ನಿ. ನಿಮ್ಮ ಏಳು ಮನೆಯವರ ಖರ್ಚಿನ ಪಟ್ಟಿಯಲ್ಲಿ ಮುಂಬಯಿಯ ಇಬ್ಬರ ಪಾಲನ್ನೂ ಬರೆಯಲು ಮರೆಯಬೇಡಿ. ಕಟ್ಟದ ನೀರಿನಿಂದ ಅವರ ಹಿತ್ತಿಲ ಬಾವಿಯೂ ತುಂಬುತ್ತದೆ.